ದಿಂಬು, ಪಟ್ಟಿ, ಹೊಸ ಮೌಸ್ ಎಲ್ಲ ಬಂದರೂ ಕೈಯ ಜೋಮು ಬಿಡುತ್ತಿಲ್ಲ: ಕಂಪ್ಯೂಟರ್ ಕೆಲಸದವರ ಕೈನೋವಿನ ಬಗ್ಗೆ

ಪುಟವಿನ್ಯಾಸಕಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಪುಸ್ತಕಗಳ ಪುಟವಿನ್ಯಾಸ ಮಾಡುವುದು ಮತ್ತು ಕರಡು ತಿದ್ದುವುದು ಹನ್ನೊಂದು ವರ್ಷಗಳಿಂದ ನನ್ನ ಕೆಲಸ. ದಿನಕ್ಕೆ ಎಂಟೊಂಬತ್ತು ಗಂಟೆ ಕಂಪ್ಯೂಟರ್ ಮುಂದೆಯೇ ಕಳೆಯುತ್ತದೆ. ನಾಲ್ಕು ತಿಂಗಳ ಹಿಂದೆ ಬಲಗೈಯಲ್ಲಿ ಸಣ್ಣಗೆ ನೋವು ಶುರುವಾಯಿತು. ಮೊದಮೊದಲು ಸಂಜೆ ಕಾಣಿಸಿಕೊಂಡು ರಾತ್ರಿ ಮಲಗಿ ಎದ್ದರೆ ಹೋಗುತ್ತಿದ್ದ ನೋವು, ಈಗ ಬೆಳಗಿನ ಮೊದಲ ಅಧ್ಯಾಯ ಮುಗಿಯುವಷ್ಟರಲ್ಲೇ ಬಂದು ಕೂರುತ್ತದೆ. ವಾರಕ್ಕೆ ಮೂರು ನಾಲ್ಕು ರಾತ್ರಿ ಬೆರಳುಗಳಿಗೆ ಜೋಮು ಹಿಡಿದು ಎಚ್ಚರವಾಗುತ್ತದೆ. ಕೈ ಕೊಡವಿಕೊಂಡು, ಒಂದಷ್ಟು ಹೊತ್ತು ಎದ್ದು ಕೂತು, ಮತ್ತೆ ಮಲಗಬೇಕು.

ಇದು ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ಕಾರ್ಪಲ್ ಟನಲ್ ತೊಂದರೆಯೇ ಇರಬೇಕೆಂದು ನಾನೇ ತೀರ್ಮಾನಿಸಿಕೊಂಡು, ಕೀಲಿಮಣೆಯ ಮುಂದಿಡುವ ಮೆತ್ತನೆಯ ದಿಂಬು, ನೆಟ್ಟಗೆ ನಿಲ್ಲುವ ಮೌಸ್, ರಾತ್ರಿ ಕಟ್ಟಿಕೊಳ್ಳುವ ಮಣಿಕಟ್ಟಿನ ಪಟ್ಟಿ ಹೀಗೆ ಒಂದೊಂದನ್ನಾಗಿ ತಂದೆ. ಪ್ರತಿಯೊಂದೂ ಎರಡು ದಿನ ಹಿತವೆನಿಸಿತು, ಮೂರನೆಯ ದಿನ ಮತ್ತೆ ಮೊದಲಿನಂತೆಯೇ ಆಯಿತು. ಈಗ ಎರಡು ತುಂಡಾಗಿ ಬರುವ ಕೀಲಿಮಣೆಯನ್ನು ತರಿಸುವ ಯೋಚನೆಯಲ್ಲಿದ್ದೇನೆ. ಬಳಸಿದವರು ದಯವಿಟ್ಟು ಅನುಭವ ತಿಳಿಸಿ.

ಹಳೇ ಪ್ರೋಗ್ರಾಮರ್ ಬರೆದದ್ದು:

ಮೇಡಂ, ಇದೇ ದಾರಿಯಲ್ಲಿ ನಡೆದು ಬಂದವನು ನಾನು. ನನ್ನ ಕಪಾಟಿನಲ್ಲಿ ಐದು ಕೀಲಿಮಣೆಗಳು ಧೂಳು ತಿನ್ನುತ್ತಿವೆ. ಎರಡು ತುಂಡಿನ ಕೀಲಿಮಣೆ ಕೆಟ್ಟದ್ದೆಂದು ಹೇಳಲಾರೆ. ಅಂಗೈಗಳು ಒಳಮುಖವಾಗಿ ಸೇರಿ ಮಣಿಕಟ್ಟು ಹೊರಕ್ಕೆ ಸೊಟ್ಟಗಾಗುವುದನ್ನು ಅದು ನಿಜವಾಗಿಯೂ ತಪ್ಪಿಸುತ್ತದೆ. ಆದರೆ ಅದನ್ನು ತರಿಸುವ ಮೊದಲು ಈಗಿರುವ ಕೀಲಿಮಣೆಯನ್ನು ಒಮ್ಮೆ ತಿರುಗಿಸಿ ನೋಡಿ. ಹಿಂಭಾಗದಲ್ಲಿ ಎರಡು ಮಡಚುವ ಕಾಲುಗಳಿರುತ್ತವೆ. ಅವುಗಳನ್ನು ಎತ್ತಿ ನಿಲ್ಲಿಸಿದ್ದರೆ ಅಂಗೈ ಹಿಂದಕ್ಕೆ ಬಾಗಿದ ಸ್ಥಿತಿಯಲ್ಲೇ ಇಡೀ ದಿನ ಟೈಪಿಂಗ್ ನಡೆಯುತ್ತದೆ. ಮಡಚಿಬಿಡಿ. ಕುರ್ಚಿಯನ್ನು ಮೊಣಕೈ ಮೇಜಿನ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಮೇಲಕ್ಕೆ ಬರುವಂತೆ ಎತ್ತರಿಸಿ, ಆಗ ಕಾಲು ನೆಲಕ್ಕೆ ತಾಗದಿದ್ದರೆ ಕೆಳಗೆ ಒಂದು ಮಣೆ ಇಟ್ಟುಕೊಳ್ಳಿ. ಇನ್ನು ಆ ಮೆತ್ತನೆಯ ದಿಂಬು ಟೈಪ್ ಮಾಡುವಾಗ ಮಣಿಕಟ್ಟನ್ನು ಊರುವುದಕ್ಕಲ್ಲ, ಟೈಪಿಂಗ್ ನಿಂತಾಗ ಅಂಗೈಯ ಬುಡವನ್ನು ಇಡುವುದಕ್ಕೆ. ಮಣಿಕಟ್ಟನ್ನು ಅದಕ್ಕೆ ಒತ್ತಿ ಬೆರಳುಗಳನ್ನು ಮಾತ್ರ ಆಡಿಸಿದರೆ, ನೋವಿರುವ ಜಾಗವನ್ನೇ ಒತ್ತಿದಂತಾಗುತ್ತದೆ.

ಇನ್ನೊಂದು ಸಂಗತಿಗೆ ಯಾವ ಅಂಗಡಿಯಲ್ಲಿಯೂ ಮದ್ದಿಲ್ಲ. ಮೌಸ್ ಹಿಡಿದು ಓದುತ್ತಿರುವಾಗ ನಿಮ್ಮ ತೋರುಬೆರಳು ಎಲ್ಲಿರುತ್ತದೆಂದು ಗಮನಿಸಿ. ಬಹಳಷ್ಟು ಮಂದಿ ಆ ಬೆರಳನ್ನು ಗುಂಡಿಯ ಮೇಲೆ ಊರುವುದಿಲ್ಲ, ಕೂದಲೆಳೆಯಷ್ಟು ಮೇಲಕ್ಕೆ ತೇಲಿಸಿ ಹಿಡಿದಿರುತ್ತಾರೆ. ಎಲ್ಲಿ ತಪ್ಪಿ ಕ್ಲಿಕ್ ಆಗಿಬಿಡುತ್ತದೋ ಎಂಬ ಎಚ್ಚರಿಕೆ ಅದು. ಭಾರವೇನೂ ಇಲ್ಲ, ಆದರೂ ಮುಂಗೈಯ ಮೇಲ್ಭಾಗದ ಸ್ನಾಯು ಗಂಟೆಗಟ್ಟಲೆ ಬಿಗಿದೇ ಇರುತ್ತದೆ. ಎಡಗೈಯನ್ನು ಬಲ ಮುಂಗೈಯ ಮೇಲೆ, ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಇಟ್ಟು, ಬಲ ತೋರುಬೆರಳನ್ನು ಎತ್ತಿ ಇಳಿಸಿ ನೋಡಿದರೆ ಆ ಬಿಗಿತ ಕೈಗೇ ಸಿಗುತ್ತದೆ.

ಇಷ್ಟು ಹಗುರ ಕೆಲಸ ಇಷ್ಟು ನೋವು ಕೊಡುವುದು ಹೇಗೆಂಬ ಪ್ರಶ್ನೆಗೆ ಸ್ವೀಡನ್ನಿನ ಸಂಶೋಧಕ ಯೋರಾನ್ ಹೆಗ್ 1991ರಲ್ಲಿ ಒಂದು ಊಹೆಯನ್ನು ಮುಂದಿಟ್ಟರು. ಸ್ನಾಯುವಿನಲ್ಲಿ ಸಣ್ಣ ಬಲಕ್ಕೆ ಮೊದಲು ಎಚ್ಚರಗೊಳ್ಳುವ ಕೆಲವು ಎಳೆಗಳಿರುತ್ತವೆ. ಇಡೀ ಸ್ನಾಯು ಪೂರ್ತಿ ಸಡಿಲಾಗುವವರೆಗೂ ಅವುಗಳಿಗೆ ಬಿಡುವಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಮಲಗುವವರ ಪಾಡು ಅವುಗಳದು. ಮನೆಗೆಲಸವೆಲ್ಲ ತಲೆಯ ಮೇಲೆ ಬಿದ್ದ ಕಥೆಯ ಹುಡುಗಿ ಸಿಂಡ್ರೆಲಾಳ ಹೆಸರನ್ನೇ ಆ ಊಹೆಗೆ ಇಟ್ಟಿದ್ದಾರೆ.

ಕೈಚಿಕಿತ್ಸಕ ಬರೆದದ್ದು:

ನಾನು ಫಿಸಿಯೋಥೆರಪಿ ವೃತ್ತಿಯಲ್ಲಿರುವವನು. ಪರೀಕ್ಷಿಸದೆ ರೋಗದ ಹೆಸರು ಹೇಳುವುದು ಸರಿಯಲ್ಲವಾದ್ದರಿಂದ ಒಂದು ಪ್ರಶ್ನೆಯನ್ನು ಮಾತ್ರ ಕೇಳುತ್ತೇನೆ. ರಾತ್ರಿ ಜೋಮು ಹಿಡಿಯುವುದು ಯಾವ ಬೆರಳುಗಳಿಗೆ?

ಇದನ್ನು ಕೇಳುವುದಕ್ಕೆ ಕಾರಣವಿದೆ. ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದರಿಂದ ಆಗುವ ತೊಂದರೆಗಳಿಗೆಲ್ಲ ನಾವು ಒಂದೇ ಹೆಸರನ್ನು ಹಚ್ಚುತ್ತೇವೆ, ಆದರೆ ಅದು ಒಂದು ರೋಗವಲ್ಲ. ಹೆಬ್ಬೆರಳಿನ ಬುಡದಲ್ಲಿ ಮಣಿಕಟ್ಟಿನ ಪಕ್ಕ ನೋಯುವುದು ಬೇರೆ. ಸ್ವಿಸ್ ಶಸ್ತ್ರವೈದ್ಯ ಡಿ ಕೆರ್ವೇನ್ 1895ರಲ್ಲಿ ವಿವರಿಸಿದ್ದು ಅದನ್ನು, ಮೊಬೈಲಿನಲ್ಲಿ ಹೆಬ್ಬೆರಳಿನಿಂದಲೇ ಬರೆಯುವವರಲ್ಲಿ ಅದನ್ನು ಈಗ ಕಾಣುತ್ತೇವೆ. ಮೊಣಕೈಯ ಹೊರಬದಿಯ ನೋವು ಬೇರೆ. ಕಾರ್ಪಲ್ ಟನಲ್ ಎನ್ನುವುದು ಮಣಿಕಟ್ಟಿನಲ್ಲಿರುವ ಒಂದು ಇಕ್ಕಟ್ಟಾದ ಸುರಂಗ: ತಳದಲ್ಲಿಯೂ ಪಕ್ಕಗಳಲ್ಲಿಯೂ ಎಲುಬು, ಮೇಲೆ ಬಿಗಿಯಾದ ಪಟ್ಟಿ, ಒಳಗೆ ಬೆರಳುಗಳನ್ನು ಮಡಚುವ 9 ಸ್ನಾಯುರಜ್ಜುಗಳು, ಅವುಗಳ ಜೊತೆ ಒಂದೇ ಒಂದು ನರ. ರಜ್ಜುಗಳ ಹೊದಿಕೆ ಊದಿಕೊಂಡರೆ, ಅಥವಾ ಮಣಿಕಟ್ಟು ಬಹಳ ಹೊತ್ತು ಬಾಗಿದ್ದರೆ, ಒಳಗಿನ ಒತ್ತಡ ಏರಿ ಆ ನರ ನಲುಗುತ್ತದೆ. ಆ ನರದ ಪಾಲಿಗೆ ಬರುವುದು ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧ. ಕಿರುಬೆರಳು ಅದರ ಪಾಲಿಗೆ ಬರುವುದಿಲ್ಲ.

ಸಂಶಯಾತ್ಮ ಬರೆದದ್ದು:

ಕ್ಷಮಿಸಿ, ನನಗೆ ಈ ವಿಷಯದಲ್ಲಿ ಮೊದಲಿನಿಂದಲೂ ಅನುಮಾನವಿದೆ. ಹಿಂದೆ ಟೈಪ್‌ರೈಟರುಗಳಲ್ಲಿ ದಿನವಿಡೀ ಕುಟ್ಟುತ್ತಿದ್ದವರು ಈಗಿನ ಮೃದುವಾದ ಕೀಲಿಮಣೆಗಿಂತ ಎಷ್ಟೋ ಪಟ್ಟು ಬಲ ಹಾಕುತ್ತಿದ್ದರು. ಅವರಿಗೆಲ್ಲ ಬಾರದ ಕೈನೋವು ನಮಗೇಕೆ ಬರಬೇಕು? ಕಂಪ್ಯೂಟರ್ ಬಳಕೆಗೂ ಕಾರ್ಪಲ್ ಟನಲ್ ತೊಂದರೆಗೂ ಹೇಳುವಂಥ ಸಂಬಂಧವಿಲ್ಲವೆಂದು ಡೆನ್ಮಾರ್ಕಿನ ಒಂದು ದೊಡ್ಡ ಅಧ್ಯಯನದಲ್ಲಿ ತಿಳಿದುಬಂದದ್ದನ್ನು ಓದಿದ ನೆನಪು. ಅರ್ಧ ಭಯ, ಅರ್ಧ ವ್ಯಾಪಾರ ಅಲ್ಲವೇ?

ನಿವೃತ್ತ ಬೆರಳಚ್ಚುಗಾರ ಬರೆದದ್ದು:

ಟೈಪ್‌ರೈಟರಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವನಾದ್ದರಿಂದ ಇದಕ್ಕೆ ನಾನೇ ಉತ್ತರಿಸುವುದು ಸರಿ. ನಮಗೂ ಕೈನೋವು ಬರುತ್ತಿತ್ತು, ನನ್ನ ಜೊತೆಯವರಲ್ಲಿ ಇಬ್ಬರು ಅದೇ ಕಾರಣಕ್ಕೆ ಬೇರೆ ವಿಭಾಗಕ್ಕೆ ಹೋದರು. ಆದರೆ ಆ ಯಂತ್ರ ನಮ್ಮನ್ನು ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ ಎಂಬುದನ್ನೂ ನೆನಪಿಸಿಕೊಳ್ಳಬೇಕು. ಸಾಲು ಮುಗಿಯುವ ಹೊತ್ತಿಗೆ ಟಿಣ್ ಎಂದು ಗಂಟೆ ಬಾರಿಸುತ್ತಿತ್ತು. ಎಡಗೈ ಎತ್ತಿ, ಸನ್ನೆಕೋಲು ಹಿಡಿದು, ಹಾಳೆ ಹೊತ್ತ ಗಾಡಿಯನ್ನು ಬಲಕ್ಕೆ ತಳ್ಳಬೇಕು. ಹಾಳೆ ಮುಗಿದರೆ ಹೊರತೆಗೆಯಬೇಕು, ಎರಡು ಹಾಳೆಗಳ ನಡುವೆ ಕಾರ್ಬನ್ ಇಟ್ಟು, ಅಂಚುಗಳನ್ನು ಮೇಜಿಗೆ ತಟ್ಟಿ ಸರಿಮಾಡಿ, ಉರುಳೆಗೆ ಸೇರಿಸಿ ತಿರುಗಿಸಬೇಕು. ತಪ್ಪಾದರೆ ರಬ್ಬರ್ ಹುಡುಕಬೇಕು. ಕೀಲಿಗಳು ಮೆಟ್ಟಿಲಿನಂತೆ ಏರಿಕೊಂಡು ಹೋಗುತ್ತಿದ್ದುದರಿಂದ ಮಣಿಕಟ್ಟನ್ನು ಎಲ್ಲಿಯೂ ಊರಲು ಬರುತ್ತಿರಲಿಲ್ಲ, ತೋಳು ಪೂರ್ತಿ ಆಡುತ್ತಿತ್ತು. ಇವೆಲ್ಲ ನಮಗೆ ಆಗ ಕಿರಿಕಿರಿ ಎನಿಸುತ್ತಿದ್ದವು. ಕಂಪ್ಯೂಟರ್ ಬಂದ ಮೇಲೆ ಸಾಲು ತಾನಾಗಿ ಕೆಳಗಿಳಿಯತೊಡಗಿತು, ಹಾಳೆಗೆ ಕೊನೆಯೇ ಇಲ್ಲವಾಯಿತು, ನನ್ನ ಭುಜದ ನೋವು ಶುರುವಾದದ್ದೂ ಆಗಲೇ.

ಇದು ಹೊಸ ಕಾಯಿಲೆಯೂ ಅಲ್ಲ. ಇಟಲಿಯ ವೈದ್ಯ ರಾಮಾಜ್ಜಿನಿ ಕಸುಬುದಾರರ ರೋಗಗಳನ್ನು ಕುರಿತು 1700ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. 1713ರಲ್ಲಿ ಅದನ್ನು ವಿಸ್ತರಿಸಿದಾಗ ಲೇಖಕರು ಮತ್ತು ಗುಮಾಸ್ತರ ಕೈನೋವಿನ ಬಗ್ಗೆಯೂ ಬರೆದರು. ಅವರು ಕೊಟ್ಟ ಕಾರಣಗಳು ಮೂರು: ಸದಾ ಕೂತೇ ಇರುವುದು, ಕೈಯನ್ನು ಒಂದೇ ದಿಕ್ಕಿನಲ್ಲಿ ಬಿಡುವಿಲ್ಲದೆ ಆಡಿಸುವುದು, ಮತ್ತು ಲೆಕ್ಕದಲ್ಲಿ ತಪ್ಪಾದೀತೆಂಬ ಮನಸ್ಸಿನ ಆತಂಕ. ಗರಿಯ ಲೇಖನಿ ಹಗುರವಲ್ಲದೆ ಮತ್ತೇನು? ಬಲದ ಲೆಕ್ಕವನ್ನಷ್ಟೇ ಹಾಕಿದರೆ ಆ ಗುಮಾಸ್ತರಿಗೂ ನೋವು ಬರಬಾರದಿತ್ತು.

ಕೈಚಿಕಿತ್ಸಕ ಬರೆದದ್ದು:

ಡೆನ್ಮಾರ್ಕಿನ ಅಧ್ಯಯನ ಪ್ರಕಟವಾದದ್ದು 2003ರಲ್ಲಿ, ಅದರ ತೀರ್ಮಾನ ನೀವು ಹೇಳಿದಂತೆಯೇ ಇದೆ. ಕಾರ್ಪಲ್ ಟನಲ್ ತೊಂದರೆಯ ಮಟ್ಟಿಗೆ ಕೀಲಿಮಣೆಯನ್ನು ದೊಡ್ಡ ಅಪರಾಧಿಯಾಗಿ ಮಾಡಲು ಆಧಾರ ಸಿಗಲಿಲ್ಲ. ಆದರೆ ವಾರಕ್ಕೆ 20 ಗಂಟೆಗೂ ಮಿಕ್ಕಿ ಮೌಸ್ ಹಿಡಿದವರಲ್ಲಿ ಜೋಮಿನ ದೂರು ಹೆಚ್ಚಿದ್ದುದನ್ನೂ ಅದೇ ಅಧ್ಯಯನ ಗುರುತಿಸಿದೆ. ಮಧುಮೇಹ, ಥೈರಾಯ್ಡ್ ಗ್ರಂಥಿಯ ಮಂದತನ, ಸಂಧಿವಾತ, ಗರ್ಭಾವಸ್ಥೆ ಇವೆಲ್ಲವೂ ಕಾರ್ಪಲ್ ಟನಲ್ ತೊಂದರೆಗೆ ಕಾರಣವಾಗಬಲ್ಲವು. ಆದ್ದರಿಂದ ಕೈ ಜೋಮು ಹಿಡಿದ ಕೂಡಲೇ ಕೀಲಿಮಣೆಯನ್ನು ಬೈದು ಸುಮ್ಮನಾಗುವುದು ತಪ್ಪು; ರಕ್ತಪರೀಕ್ಷೆಯಲ್ಲಿ ಸಿಗಬೇಕಾದ ಕಾರಣವೊಂದು ಹಾಗೆಯೇ ಉಳಿದುಬಿಡಬಹುದು. ಭುಜ, ಕುತ್ತಿಗೆ, ಮುಂಗೈಗಳ ನೋವಿನ ಮಾತು ಬೇರೆ. ಅಲ್ಲಿ ಕೂರುವ ಬಗೆಗೂ ಬಿಡುವಿಲ್ಲದ ಗಂಟೆಗಳಿಗೂ ಸಂಬಂಧವಿದೆ.

ಪುಟವಿನ್ಯಾಸಕಿ ಬರೆದದ್ದು:

ಕೈಚಿಕಿತ್ಸಕರ ಪ್ರಶ್ನೆಗೆ ಉತ್ತರಿಸಲು ಎರಡು ರಾತ್ರಿ ಕಾಯಬೇಕಾಯಿತು. ಎಲ್ಲ ಬೆರಳಿಗೂ ಜೋಮು ಎಂದೇ ನಂಬಿದ್ದೆ. ನಿನ್ನೆ ಎಚ್ಚರವಾದಾಗ ದೀಪ ಹಾಕಿ ಒಂದೊಂದೇ ಬೆರಳನ್ನು ಚಿವುಟಿ ನೋಡಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಚೆನ್ನಾಗಿಯೇ ಇದ್ದವು. ಜೋಮು ಇದ್ದದ್ದು ಕಿರುಬೆರಳಿಗೆ, ಮತ್ತು ಉಂಗುರಬೆರಳಿನಲ್ಲಿ ಕಿರುಬೆರಳಿನ ಕಡೆಯ ಬದಿಗೆ ಮಾತ್ರ.

ಇದಾದ ಮೇಲೆ ಇನ್ನೊಂದು ಕೆಲಸ ಮಾಡಿದೆ. ಮೊಬೈಲನ್ನು ಪಕ್ಕದ ಕಪಾಟಿನ ಮೇಲೆ ಒರಗಿಸಿ, ನಾನು ಕೆಲಸ ಮಾಡುವುದನ್ನು ಒಂದು ಗಂಟೆ ಚಿತ್ರೀಕರಿಸಿಕೊಂಡೆ. ನೋಡಿ ನಾಚಿಕೆಯಾಯಿತು. ವಿನ್ಯಾಸದ ಕೆಲಸದಲ್ಲಿ ನನ್ನ ಭಂಗಿ ಪರವಾಗಿಲ್ಲ. ಕರಡು ಓದಲು ತೊಡಗಿದ ಕೂಡಲೇ ಬಲ ಮೊಣಕೈಯನ್ನು ಮೇಜಿನ ಅಂಚಿಗೆ ಊರಿ, ಗಲ್ಲಕ್ಕೆ ಅಂಗೈ ಕೊಟ್ಟು, ಎಡಗೈಯಿಂದ ಪುಟ ಸರಿಸುತ್ತ ಕೂರುತ್ತೇನೆ. ಆ ಒಂದು ಗಂಟೆಯಲ್ಲಿ 27 ನಿಮಿಷ ಹಾಗೆಯೇ ಕೂತಿದ್ದೆ. ಮೇಜಿನ ಅಂಚು ಚೂಪಾಗಿದೆ. ಅಷ್ಟು ಹೊತ್ತು ಊರಿದ್ದ ಜಾಗದಲ್ಲಿ ಅಡ್ಡಗೆರೆ ಮೂಡಿತ್ತು.

ಕೈಚಿಕಿತ್ಸಕ ಬರೆದದ್ದು:

ಆ ಗೆರೆ ಬಹಳಷ್ಟನ್ನು ಹೇಳುತ್ತದೆ. ಮೊಣಕೈ ಎಲ್ಲಾದರೂ ತಗುಲಿದಾಗ ಕಿರುಬೆರಳಿನವರೆಗೆ ಮಿಂಚು ಹೊಡೆದಂತಾಗುವುದು ಎಲ್ಲರಿಗೂ ಅನುಭವಕ್ಕೆ ಬಂದಿರುತ್ತದೆ. ಅಲ್ಲಿ ಹಾದುಹೋಗುವ ಅಲ್ನಾರ್ ನರಕ್ಕೆ ಮೊಣಕೈಯ ಒಳಬದಿಯಲ್ಲಿ ಚರ್ಮವನ್ನು ಬಿಟ್ಟರೆ ಹೆಚ್ಚಿನ ಹೊದಿಕೆ ಇಲ್ಲ. ಮೊಣಕೈಯನ್ನು ಮಡಚಿದಷ್ಟೂ ಆ ನರ ಎಳೆದಂತಾಗುತ್ತದೆ, ಮಡಚಿದ ಮೊಣಕೈಯನ್ನು ಅಂಚಿಗೆ ಒತ್ತಿದರೆ ಎಳೆತದ ಜೊತೆಗೆ ಒತ್ತಡವೂ ಸೇರುತ್ತದೆ. ಕಿರುಬೆರಳು ಮತ್ತು ಉಂಗುರಬೆರಳಿನ ಅರ್ಧ ಆ ನರಕ್ಕೆ ಸೇರಿದ್ದು. ನಿಮ್ಮ ತೊಂದರೆ ಅದೇ ಆಗಿದ್ದರೆ, ಮಣಿಕಟ್ಟಿಗೆ ನೀವು ಕಟ್ಟಿದ ಪಟ್ಟಿ, ಕೀಲಿಮಣೆಯ ಮುಂದಿನ ದಿಂಬು ಎರಡೂ ತಪ್ಪು ವಿಳಾಸಕ್ಕೆ ಹೋದ ಪತ್ರಗಳು.

ರಾತ್ರಿಯಲ್ಲಿ ಹೆಚ್ಚಾಗುವುದಕ್ಕೂ ಇದೇ ಕಾರಣವಿರಬಹುದು. ಕೈಯನ್ನು ಮಡಚಿ ತಲೆಯ ಕೆಳಗೋ ಎದೆಯ ಮೇಲೋ ಇಟ್ಟುಕೊಂಡು ಮಲಗುವ ಅಭ್ಯಾಸವಿದ್ದರೆ, ಒಂದು ಟವೆಲನ್ನು ಮೊಣಕೈಗೆ ಸಡಿಲವಾಗಿ ಸುತ್ತಿಕೊಂಡು ಮಲಗಿ ನೋಡಿ. ಪೂರ್ತಿ ಮಡಚಲು ಬಾರದಿದ್ದರೆ ಸಾಕು, ಬಿಗಿಯಾಗಿ ಕಟ್ಟಬಾರದು. ನಾಲ್ಕು ತಿಂಗಳಿನಿಂದ ಇರುವುದರಿಂದ ವೈದ್ಯರನ್ನು ಕಂಡು, ನರದಲ್ಲಿ ಸಂಕೇತ ಸಾಗುವ ವೇಗವನ್ನು ಅಳೆಯುವ ಪರೀಕ್ಷೆಯ ಬಗ್ಗೆ ಕೇಳುವುದನ್ನು ಮಾತ್ರ ಮುಂದೂಡಬೇಡಿ.

ತಡವಾಗಿ ಎಚ್ಚೆತ್ತವನು ಬರೆದದ್ದು:

ಆ ಕೊನೆಯ ವಾಕ್ಯಕ್ಕೆ ನನ್ನದೊಂದು ಸಾಕ್ಷಿ. ನನ್ನದು ನಿಜಕ್ಕೂ ಕಾರ್ಪಲ್ ಟನಲ್ ತೊಂದರೆ. ಜೋಮನ್ನು ಒಂದೂವರೆ ವರ್ಷ ಸಹಿಸಿಕೊಂಡೆ. ಆಮೇಲೆ ಜೋಮು ಕಡಿಮೆಯಾಗುತ್ತ ಬಂದಾಗ ವಾಸಿಯಾಗುತ್ತಿದೆ ಎಂದು ಸಂತೋಷಪಟ್ಟೆ. ವಾಸಿಯಾಗುತ್ತಿರಲಿಲ್ಲ, ಬೆರಳ ತುದಿಯ ಸ್ಪರ್ಶವೇ ಹೋಗುತ್ತಿತ್ತು. ಅಂಗಿಯ ಗುಂಡಿಯನ್ನು ನೋಡದೆ ಹಾಕಿಕೊಳ್ಳಲು ಆಗದ ದಿನ ಗಾಬರಿಯಾಯಿತು. ಹೆಬ್ಬೆರಳಿನ ಬುಡದಲ್ಲಿ ಅಂಗೈಯ ಮಾಂಸ ಇಳಿದು ತಗ್ಗಾಗಿತ್ತು. ಶಸ್ತ್ರಚಿಕಿತ್ಸೆಯ ನಂತರ ರಾತ್ರಿಯ ನೋವು ವಾರದೊಳಗೆ ಹೋಯಿತು, ಆದರೆ ಆ ತಗ್ಗು ಇನ್ನೂ ಪೂರ್ತಿ ತುಂಬಿಲ್ಲ. ಕೈಯಿಂದ ವಸ್ತುಗಳು ಜಾರುತ್ತಿದ್ದರೆ, ಹಗಲೂ ಮರಗಟ್ಟಿದಂತಿದ್ದರೆ, ಅಂಗೈ ಬತ್ತುತ್ತಿದ್ದರೆ ಇಂಥ ಚರ್ಚೆಗಳನ್ನು ಓದುತ್ತ ಕೂರಬೇಡಿ, ಎದ್ದು ಆಸ್ಪತ್ರೆಗೆ ಹೋಗಿ.

ಎಡಗೈ ಅಭ್ಯಾಸಿ ಬರೆದದ್ದು:

ಬಲಗೈ ನೋವಿಗೆ ನಾನು ಮೌಸನ್ನೇ ಎಡಗೈಗೆ ಕೊಟ್ಟೆ. ಎರಡು ವಾರ ಪರದಾಡಿದ ಮೇಲೆ ಅಭ್ಯಾಸವಾಯಿತು, ಬಲಗೈ ಸುಧಾರಿಸಿತು. ಇಷ್ಟು ಸುಲಭದ ಪರಿಹಾರವನ್ನು ಯಾರೂ ಹೇಳುತ್ತಿಲ್ಲವಲ್ಲ?

ನಿವೃತ್ತ ಬೆರಳಚ್ಚುಗಾರ ಬರೆದದ್ದು:

ರಾಮಾಜ್ಜಿನಿಯವರ ಪರಿಚಯದ ಒಬ್ಬ ಗುಮಾಸ್ತನೂ ಇದನ್ನೇ ಮಾಡಿದ್ದ. ಬದುಕಿಡೀ ಬರೆದು ಬಲಗೈ ಸೋತು ಕೊನೆಗೆ ಅಲುಗಾಡದಂತಾದಾಗ ಎಡಗೈಯಲ್ಲಿ ಬರೆಯಲು ಕಲಿತ. ಸ್ವಲ್ಪ ಕಾಲದಲ್ಲೇ ಎಡಗೈಗೂ ಅದೇ ಗತಿಯಾಯಿತು.

ಹೆದರಿಸಲು ಹೇಳುತ್ತಿಲ್ಲ. ಕೈಗಳ ನಡುವೆ ಕೆಲಸವನ್ನು ಹಂಚುವುದು ಒಳ್ಳೆಯದೇ. ಆದರೆ ಇದ್ದ ಹೊರೆಯನ್ನೆಲ್ಲ ಒಂದು ಹೆಗಲಿನಿಂದ ಇನ್ನೊಂದಕ್ಕೆ ಸಾಗಿಸಿದರೆ ಅದನ್ನು ಹಂಚಿಕೆ ಎನ್ನಲಾಗದು.

ಹಳೇ ಪ್ರೋಗ್ರಾಮರ್ ಬರೆದದ್ದು:

ಹೊರೆಯನ್ನು ಇಳಿಸುವ ದಾರಿಗಳೂ ಇವೆ. ನನ್ನ ಎಡ ಕಿರುಬೆರಳು ಸೋತದ್ದು ಮೂಲೆಯ ಕಂಟ್ರೋಲ್ ಕೀಲಿಯನ್ನು ಚಾಚಿ ಚಾಚಿ ಒತ್ತಿ. ಕ್ಯಾಪ್ಸ್ ಲಾಕ್ ಕೀಲಿಯನ್ನು ನಾನು ಬಳಸುತ್ತಲೇ ಇರಲಿಲ್ಲ, ಅದಕ್ಕೇ ಕಂಟ್ರೋಲಿನ ಕೆಲಸ ವಹಿಸಿದೆ. ಎರಡು ಕೀಲಿಗಳನ್ನು ಒಟ್ಟಿಗೆ ಹಿಡಿಯುವುದು ಕಷ್ಟವಾದರೆ ಸ್ಟಿಕಿ ಕೀಸ್ ಎಂಬ ಸೌಲಭ್ಯವಿದೆ, ವಿಂಡೋಸಿನಲ್ಲಿ ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿದರೆ ಅದನ್ನು ಚಾಲೂ ಮಾಡಬೇಕೇ ಎಂದು ಕೇಳುತ್ತದೆ. ಆಮೇಲೆ ಒಂದಾದ ಮೇಲೊಂದರಂತೆ ಒತ್ತಿದರೆ ಸಾಕು. ದಿನಕ್ಕೆ ನೂರು ಸಲ ಮಾಡುವ ಕೆಲಸಕ್ಕೆ, ಹಲವು ಹಂತಗಳನ್ನು ಒಂದೇ ಆಜ್ಞೆಯಲ್ಲಿ ಮುಗಿಸುವ ಮ್ಯಾಕ್ರೋ ಬರೆಯಿರಿ. ಅಂಕಿಗಳ ಕೆಲಸ ಇಲ್ಲದವರು ಬಲಗಡೆ ಅಂಕಿಗಳ ಗುಂಪಿಲ್ಲದ ಗಿಡ್ಡ ಕೀಲಿಮಣೆಯನ್ನು ಬಳಸಿದರೆ, ಮೌಸ್ ಅಷ್ಟು ಹತ್ತಿರಕ್ಕೆ ಬಂದು ತೋಳು ಹೊರಕ್ಕೆ ಚಾಚುವುದು ತಪ್ಪುತ್ತದೆ. ಭುಜದ ನೋವಿರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಕುತ್ತಿಗೆ, ಕೈಗಳಲ್ಲಿ ಒಂದಕ್ಕಾದರೂ ಶಿಕ್ಷೆ ತಪ್ಪಿದ್ದಲ್ಲ. ದಿನವಿಡೀ ಅದರಲ್ಲೇ ಕೆಲಸವಾದರೆ ಹೊರಗಿನ ಕೀಲಿಮಣೆಯನ್ನು ಜೋಡಿಸಿ, ಲ್ಯಾಪ್‌ಟಾಪನ್ನು ಎತ್ತರಕ್ಕಿಡಿ.

ಸಂಶಯಾತ್ಮ ಬರೆದದ್ದು:

ಇಷ್ಟಕ್ಕೆ ಒಪ್ಪುತ್ತೇನೆ. ಆದರೆ ಇಂಥ ನೋವಿಗೆ ಎಲ್ಲರೂ ಕೊಡುವ, ಪ್ರತಿ ಗಂಟೆಗೊಮ್ಮೆ ಏಳಿ ಎಂಬ ಉಪದೇಶವನ್ನು ಮಾತ್ರ ಒಪ್ಪಲಾರೆ. ಗಡುವು ತಲೆಯ ಮೇಲಿರುವಾಗ, ಏಕಾಗ್ರತೆ ಕೂಡಿ ಬಂದಿರುವಾಗ, ಪರದೆಯ ಮೇಲೆ ಎಚ್ಚರಿಕೆಯ ಪೆಟ್ಟಿಗೆ ಮೂಡಿದರೆ ಎಲ್ಲರೂ ಮಾಡುವುದು ಒಂದೇ: ಅದನ್ನು ಮುಚ್ಚುವುದು.

ಕೈಚಿಕಿತ್ಸಕ ಬರೆದದ್ದು:

ಮುಚ್ಚುವುದು ನಿಜ. ನನ್ನ ಬಳಿ ಬರುವವರಲ್ಲಿ ಅಂಥ ತಂತ್ರಾಂಶವನ್ನು ಒಂದು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡವರು ಕಡಿಮೆ. ಆದರೆ ಬಿಡುವಿನಿಂದ ಕೆಲಸ ಕೆಡುತ್ತದೆಂಬ ಭಯಕ್ಕೆ ಉತ್ತರವಿದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯವರು ತೆರಿಗೆ ಇಲಾಖೆಯ ದತ್ತಾಂಶ ನಮೂದಿಸುವ ನೌಕರರ ಮೇಲೆ ನಡೆಸಿದ ಅಧ್ಯಯನ 2000ನೇ ಇಸವಿಯಲ್ಲಿ ಪ್ರಕಟವಾಯಿತು. ಮೊದಲೇ ಇದ್ದ 15 ನಿಮಿಷಗಳ ಎರಡು ವಿರಾಮಗಳ ಜೊತೆಗೆ, ವಿರಾಮವಿಲ್ಲದ ಪ್ರತಿ ಗಂಟೆಗೆ 5 ನಿಮಿಷ ಸೇರಿಸಿದರು. ದಿನಕ್ಕೆ ಒಟ್ಟು 20 ನಿಮಿಷ ಹೆಚ್ಚಾಯಿತು. ಕೈ, ಕುತ್ತಿಗೆ, ಕಣ್ಣುಗಳ ಆಯಾಸ ಇಳಿಯಿತು, ನಮೂದಿಸಿದ ಕೆಲಸದ ಪ್ರಮಾಣ ಇಳಿಯಲಿಲ್ಲ. ಪರದೆಯ ಕೆಲಸಕ್ಕೆ ನಡುನಡುವೆ ಬಿಡುವೋ ಬೇರೆ ಬಗೆಯ ಕೆಲಸವೋ ಇರಬೇಕೆಂದು ಯೂರೋಪಿನ ದೇಶಗಳ ಒಕ್ಕೂಟ 1990ರ ನಿರ್ದೇಶನದಲ್ಲೇ ಹೇಳಿತ್ತು. ಆದ್ದರಿಂದ ಇದನ್ನು ನೌಕರನ ಮನೋಬಲಕ್ಕೆ ಬಿಟ್ಟುಬಿಡುವುದು ನನಗೆ ನ್ಯಾಯವೆನಿಸುವುದಿಲ್ಲ. ಗಡುವನ್ನು ನಿಗದಿ ಮಾಡುವವರೂ ಆ 20 ನಿಮಿಷಗಳನ್ನು ಲೆಕ್ಕಕ್ಕೆ ಹಿಡಿಯಬೇಕು.

ಏಳಲೇಬೇಕೆಂದೂ ಇಲ್ಲ. ಎರಡೂ ಕೈಗಳನ್ನು ತೊಡೆಯ ಮೇಲೆ ಬಿಟ್ಟು, ಭುಜವನ್ನು ಇಳಿಬಿಟ್ಟು, ಅರ್ಧ ನಿಮಿಷ ಕೂತರೂ ಬಿಗಿದ ಸ್ನಾಯುವಿಗೆ ರಕ್ತ ಹರಿಯುತ್ತದೆ. ನೋವಿರುವವರು ಚಾಚುವ ವ್ಯಾಯಾಮವನ್ನು ಹಟಕ್ಕೆ ಬಿದ್ದು ಮಾಡುವುದನ್ನು ಕಾಣುತ್ತೇನೆ, ಜೋಮು ಏರುವಷ್ಟು ಎಳೆದರೆ ನರ ಇನ್ನಷ್ಟು ಕೆರಳುತ್ತದೆ. ವಾರಗಟ್ಟಲೆ ಕೈಯನ್ನು ಆಡಿಸದೆ ಇಡುವುದೂ ಮದ್ದಲ್ಲ. ಸ್ನಾಯುರಜ್ಜು ಗಟ್ಟಿಯಾಗುವುದು ಸ್ವಲ್ಪ ಸ್ವಲ್ಪವಾಗಿ ಹೊರೆ ಹೆಚ್ಚಿಸುತ್ತ ಹೋದಾಗ, ಆ ಅಳತೆಯನ್ನು ಹತ್ತಿರದ ಫಿಸಿಯೋಥೆರಪಿಸ್ಟರಿಂದ ಕಲಿಯಿರಿ.

ಪುಟವಿನ್ಯಾಸಕಿ ಬರೆದದ್ದು:

ಏಳು ವಾರಗಳ ನಂತರ ಬರೆಯುತ್ತಿದ್ದೇನೆ. ನರದ ಪರೀಕ್ಷೆಯಾಯಿತು. ಮಣಿಕಟ್ಟಿನಲ್ಲಿ ಏನೂ ಇಲ್ಲ, ಮೊಣಕೈಯ ಬಳಿ ವೇಗ ತುಸು ಕಡಿಮೆಯಿದೆ, ಶಸ್ತ್ರಚಿಕಿತ್ಸೆಯ ಮಾತು ಸದ್ಯಕ್ಕೆ ಬೇಡ ಎಂದರು ವೈದ್ಯರು. ಟವೆಲ್ ಸುತ್ತಿಕೊಂಡು ಮಲಗುವುದು ಮೊದಲ ವಾರ ಹಿಂಸೆಯಾಯಿತು, ಆಮೇಲೆ ಒಗ್ಗಿತು. ಕಳೆದ ಹದಿನೈದು ದಿನಗಳಲ್ಲಿ ಜೋಮಿನಿಂದ ಎಚ್ಚರವಾದದ್ದು ಎರಡೇ ರಾತ್ರಿ.

ಗಲ್ಲಕ್ಕೆ ಕೈ ಕೊಡುವ ಚಾಳಿ ಬಿಡುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಪರದೆ ದೂರವಿದ್ದುದರಿಂದಲೇ ಮುಂದಕ್ಕೆ ಬಾಗಿ ಮೊಣಕೈ ಊರುತ್ತಿದ್ದೆನೆಂದು ಆಮೇಲೆ ಹೊಳೆಯಿತು. ಮಾನಿಟರನ್ನು ಒಂದು ಗೇಣು ಹತ್ತಿರಕ್ಕೆ ಎಳೆದು, ಕರಡು ಓದುವಾಗ ಅಕ್ಷರವನ್ನು ಒಂದೂವರೆ ಪಟ್ಟು ಹಿಗ್ಗಿಸಿಕೊಂಡೆ. ಈಗ ಬೆನ್ನು ಕುರ್ಚಿಗೆ ಒರಗಿಯೇ ಇರುತ್ತದೆ. ಬಿಡುವಿನ ತಂತ್ರಾಂಶವನ್ನು ಹಾಕಿಕೊಂಡಿಲ್ಲ. ಒಂದು ಅಧ್ಯಾಯ ಮುಗಿದಾಗ ಕಡತ ಪಿಡಿಎಫ್ ಆಗಲು ಒಂದೆರಡು ನಿಮಿಷ ಬೇಕು. ಮೊದಲು ಆ ಹೊತ್ತಿನಲ್ಲಿ ಮೊಬೈಲ್ ನೋಡುತ್ತಿದ್ದೆ. ಈಗ ಮೊಬೈಲನ್ನು ಪಕ್ಕದ ಕೋಣೆಯಲ್ಲಿ ಬಿಟ್ಟಿದ್ದೇನೆ, ನೋಡಬೇಕಾದರೆ ಎದ್ದು ಹೋಗಬೇಕು.

ಎರಡು ತುಂಡಿನ ಕೀಲಿಮಣೆ ತರಿಸಲಿಲ್ಲ. ಇದ್ದ ಕೀಲಿಮಣೆಯ ಹಿಂದಿನ ಕಾಲುಗಳನ್ನು ಮಡಚಿದೆ. ಮೆತ್ತನೆಯ ದಿಂಬನ್ನು ಉದ್ದಕ್ಕೆ ಸೀಳಿ ಮೇಜಿನ ಆ ಚೂಪು ಅಂಚಿಗೆ ಅಂಟಿಸಿದ್ದೇನೆ.

ಸಂಶಯಾತ್ಮ ಬರೆದದ್ದು:

ಒಂದು ಸಣ್ಣ ಪ್ರಶ್ನೆ, ಹಳೇ ಪ್ರೋಗ್ರಾಮರ್ ಅವರಿಗೆ. ತೋರುಬೆರಳನ್ನು ಗುಂಡಿಯ ಮೇಲೆ ಊರಿದರೆ ನನ್ನ ಮೌಸಿನಲ್ಲಿ ತಪ್ಪಿ ಕ್ಲಿಕ್ ಆಗಿಯೇ ಬಿಡುತ್ತದೆ. ಏನು ಮಾಡುವುದು?

ಹಳೇ ಪ್ರೋಗ್ರಾಮರ್ ಬರೆದದ್ದು:

ಗುಂಡಿ ಸ್ವಲ್ಪ ಬಿರುಸಾಗಿರುವ ಮೌಸನ್ನು ಹುಡುಕಿ. ಅಲ್ಲಿಯವರೆಗೆ, ಓದುವ ಹೊತ್ತಿನಲ್ಲಿ ಮೌಸಿನಿಂದ ಕೈಯನ್ನೇ ತೆಗೆದು ಪುಟವನ್ನು ಕೆಳಬಾಣದ ಕೀಲಿಯಿಂದ ಸರಿಸಿ.